ಹೂಂಗುಟ್ಟೋರು ಬೇಕು

ಭದ್ರಾವತಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ತೆಲುಗಿನ ಹಿರಿಯರು, ಫ್ಯಾಕ್ಟರಿಯಿಂದ ರಿಟೈರ್ ಆದವರು, ಸಂಕೋಚದಿಂದ ಕೇಳಿದರು: "ತೆಲುಗಲ್ಲಿ ಒಂದು ಕಥೆ ಹೇಳ್ತೀನಿ, ಹೂಂ ಅಂತೀರಾ? ಹೆಂಡ್ತಿ ತೀರಿಕೊಂಡ್ಮೇಲೆ ಅನ್ನೋರೇ ಇಲ್ಲ."

"ನಂಗೆ ತೆಲುಗು ಬರಲ್ಲ, ಯಜಮಾನ್ರೇ."

"ಬರೋದು ಬೇಡ. ನಮ್ಮಲ್ಲಿ ಊ, ಪಕ್ಕದ್ಮನೆ ತಮಿಳಿನವರಲ್ಲಿ ಉಂ, ನಿಮ್ಮಲ್ಲಿ ಹೂಂ. ಎಲ್ಲಾದಕ್ಕೂ ಅರ್ಥ ಒಂದೇ, 'ಎಚ್ಚರ ಇದ್ದೀನಿ, ಹೇಳು' ಅಂತ."

ನಮ್ಮಜ್ಜಿಯೂ ಅಷ್ಟೇ, ಹೂಂ ಅನ್ನದಿದ್ದರೆ ಕಥೆ ನಿಲ್ಲಿಸಿಬಿಡೋಳು. ಅವಳು ಹೋದಮೇಲೆ ನನ್ನಿಂದ ಯಾರೂ ಹೂಂ ಬಯಸಿರಲಿಲ್ಲ.

ಅವರು ಶುರುಮಾಡಿದರು, ನಾನು ಹೂಂಗುಟ್ಟುತ್ತಾ ಕೂತೆ. ಕೆಲಸಕ್ಕೆ ಇಳಿಯಬೇಕಿದ್ದ ಮಾಚೇನಹಳ್ಳಿ ಬಂದಾಗ ಕಥೆ ಇನ್ನೂ ನಡೆದೇ ಇತ್ತು. ಏಳೋಕೆ ಮನಸ್ಸಾಗಲಿಲ್ಲ, ಭದ್ರಾವತಿವರೆಗೂ ಹೋಗಿ ವಾಪಸ್ ಬಂದೆ.

ತಡ ಯಾಕಾಯ್ತು ಅಂತ ಸೂಪರ್‌ವೈಸರ್‌ಗೆ ಇದನ್ನೆಲ್ಲ ಹೇಳಿದೆ. ಆ ಮನುಷ್ಯ ಒಂದು ಸಲವೂ ಹೂಂ ಅನ್ನಲಿಲ್ಲ.