ಹದಿನೈದು ಮಂಚದ ದವಾಖಾನೆ

ನಲವತ್ತೊಂಬತ್ತನೆಯ ವಯಸ್ಸಿಗೆ ನಾನು ಇಂಗ್ಲೆಂಡಿನ ಆಸ್ಪತ್ರೆಯ ಕೆಲಸ ಬಿಟ್ಟೆ. ಇಪ್ಪತ್ತೆರಡು ವರ್ಷ ರೋಗಿಗಳನ್ನು ಎತ್ತಿ, ಹೊರಳಿಸಿ, ಕೂಡಿಸಿ ಸೊಂಟ ಸೋತುಹೋಗಿತ್ತು. ಅದರ ಜೊತೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅವಧಿಗೆ ಮೊದಲೇ ನಿವೃತ್ತಿ ಕೊಟ್ಟು, ಒಂದು ಸಣ್ಣ ಪೆನ್ಷನ್ ಗೊತ್ತು ಮಾಡಿ, ಹೂವಿನ ಗುಚ್ಛ ಕೈಗಿಟ್ಟು ಕಳಿಸಿದರು. ನಾನು ಮಸ್ಕಿಗೆ ಬಂದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು ಅದು. ನಾನು ಊರಿಗೆ ಮರಳಿದ್ದೇನೆ ಅಂದುಕೊಂಡಿದ್ದೆ. ಕಾಗದಗಳು ಹಾಗೆ ಹೇಳಲಿಲ್ಲ. ಇಂಗ್ಲೆಂಡಿನ ಲೆಕ್ಕದಲ್ಲಿ ನಾನು ಪರದೇಶಕ್ಕೆ ಹೋಗಿ ನೆಲೆಸಿದವಳು. ಇಲ್ಲಿಯ ಲೆಕ್ಕದಲ್ಲಿ ಬೇರೆ ದೇಶದ ಪಾಸ್‌ಪೋರ್ಟಿನವಳು, ರಾಯಚೂರಿನ ಪೊಲೀಸ್ ಕಚೇರಿಗೆ ಹೋಗಿ ಹೆಸರು, ವಿಳಾಸ ಬರೆಸಬೇಕಾದವಳು. ನಾನು ಹುಟ್ಟಿದ ಮನೆ ನನ್ನ ಹೊಸ ಮನೆಯ ಬಾಗಿಲಲ್ಲಿ ನಿಂತರೆ ಕಾಣುತ್ತಿತ್ತು. ಹದಿನೇಳಕ್ಕೆ ಗಂಡ ತೀರಿಕೊಂಡ ಮೇಲೆ, ಓಣಿಯ ಮಂದಿ ಏನೇ ಅನ್ನಲಿ ಎಂದು ಅಪ್ಪ ನನ್ನನ್ನು ನರ್ಸಿಂಗ್ ಕಲಿಯಲು ಬಳ್ಳಾರಿಗೆ ಕಳಿಸಿದ್ದು ಆ ಮನೆಯಿಂದಲೇ. ಅಲ್ಲಿಂದ ಇಂಗ್ಲೆಂಡಿಗೆ ಹೋದದ್ದು ನನ್ನದೇ ಹಟ. ಮರಳಿ ಬಂದದ್ದೂ ನನ್ನದೇ ಹಟ.

ನನ್ನ ತಮ್ಮನಿಗೆ ಮಸ್ಕಿ ಬಜಾರದಲ್ಲಿ ಬಟ್ಟೆ ಅಂಗಡಿ ಇತ್ತು. ನಾನು ಬಂದದ್ದು ಅವನಿಗೆ ಸಂತೋಷವೇ. ಆದರೆ ನನ್ನ ಸೂಜಿ, ಸೀಸೆ ನೋಡಿ ಅವನು ಹೆದರುತ್ತಿದ್ದ.

"ಅಕ್ಕಾ, ಅಲ್ಲಿ ದವಾಖಾನಿ, ಗುಳಿಗಿ ಎಲ್ಲಾ ಪುಕ್ಕಟ ಅಂತಿ. ಇಲ್ಲಿ ಏನರ ಆದ್ರ ನಾವು ಎಲ್ಲಿಗೆ ಒಯ್ಯಬೇಕು ನಿನ್ನ?"

"ಇಲ್ಲಿ ಮಂದಿ ಎಲ್ಲಿಗೆ ಹೋಗ್ತಾರೋ ಅಲ್ಲಿಗೇ ಒಯ್ಯಿ."

"ಅವರು ಬ್ಯಾರೆ, ನೀ ಬ್ಯಾರೆ."

ಆ ಮಾತು ನನ್ನನ್ನು ಕೆರಳಿಸಿತು. ಹೇಗೆ ಬೇರೆ? ಇಂಗ್ಲೆಂಡಿಗೆ ಪತ್ರ ಬರೆದು ಕೇಳಿದೆ: ಇಪ್ಪತ್ತೆರಡು ವರ್ಷ ನನ್ನ ಪಗಾರದಲ್ಲಿ ಆರೋಗ್ಯದ ಪಾಲು ಹಿಡಿದುಕೊಂಡಿದ್ದೀರಿ, ಈಗ ಇಲ್ಲಿ ಕಾಯಿಲೆ ಬಿದ್ದರೆ ನನ್ನ ಗತಿ ಏನು? ಬಹಳ ಮರ್ಯಾದೆಯ ಉತ್ತರ ಬಂತು. ಚಿಕಿತ್ಸೆ ಅಲ್ಲಿ ವಾಸವಿರುವವರಿಗೆ. ನಾನು ಖಾಯಂ ಆಗಿ ಅಲ್ಲಿಗೆ ವಾಪಸ್ ಹೋದರೆ ಹೋದ ದಿನದಿಂದಲೇ ಎಲ್ಲವೂ ಉಚಿತ. ಅಂದರೆ ಮೈ ಚೆನ್ನಾಗಿರಬೇಕಾದರೆ ಬದುಕನ್ನು ಅಲ್ಲೇ ಕಳೆಯಬೇಕು. ನಾನು ಪತ್ರವನ್ನು ಮಡಚಿ ಪೆಟ್ಟಿಗೆಗೆ ಹಾಕಿದೆ.

ಮಸ್ಕಿಯ ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ಇಡುತ್ತಿರಲಿಲ್ಲ. ಕರೆಂಟು ಹೋದರೆ ಕೆಡುತ್ತದೆ, ಕೊಳ್ಳುವವಳು ನಾನೊಬ್ಬಳೇ. ಹಾಗಾಗಿ ತಿಂಗಳಿಗೊಮ್ಮೆ ಥರ್ಮಾಸ್ ಹಿಡಿದು ಸಿಂಧನೂರಿನ ಬಸ್ಸು ಹತ್ತುತ್ತಿದ್ದೆ. ಕಾಲುವೆ ನೀರು, ಭತ್ತದ ಮಿಲ್ಲು ಬಂದು ಸಿಂಧನೂರು ದೊಡ್ಡದಾಗುತ್ತಿತ್ತು; ಅಲ್ಲಿಯ ಅಂಗಡಿಗಳಲ್ಲಿ ಫ್ರಿಜ್ಜು ಇದ್ದವು. ಥರ್ಮಾಸಿನಲ್ಲಿ ಐಸಿನ ಚೂರು, ಅದರ ನಡುವೆ ಸೀಸೆ. ಮನೆಗೆ ಬಂದು ಹಸಿ ಉಸುಕು ತುಂಬಿದ ಗಡಿಗೆಯೊಳಗೆ ಇನ್ನೊಂದು ಸಣ್ಣ ಗಡಿಗೆ ಕೂಡಿಸಿ ಅದರಲ್ಲಿಡುತ್ತಿದ್ದೆ. ಉಸುಕು ಒಣಗದಂತೆ ನೋಡಿಕೊಂಡರೆ ಸಾಕು, ಬೇಸಿಗೆಯಲ್ಲೂ ಒಂದು ಸೀಸೆ ಕೆಟ್ಟದ್ದಿಲ್ಲ.

ಸಿಂಧನೂರಿನಲ್ಲೇ ಒಂದು ವಿಮಾ ಕಂಪನಿಯ ಕಚೇರಿ ಕಣ್ಣಿಗೆ ಬಿತ್ತು. ಆಸ್ಪತ್ರೆ ಖರ್ಚಿನ ಹೊಸ ಪಾಲಿಸಿ ಬಂದಿದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಒಳಗೆ ಹೋದೆ. ಅಲ್ಲಿದ್ದ ಅಧಿಕಾರಿ ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಅರ್ಜಿ ತಾನೇ ತುಂಬತೊಡಗಿದ.

"ಸಕ್ಕರಿ ಬೇನಿ ಐತೇನ್ರೀ?"

"ಐತಿ. ಬರಕೊಳ್ರಿ."

ಅವನು ಪೆನ್ನು ಕೆಳಗಿಟ್ಟ. "ಬರದ್ರ ಅದಕ್ಕ ಸಂಬಂಧಪಟ್ಟಿದ್ದು ಯಾವುದೂ ಸಿಗಂಗಿಲ್ರೀ, ಸಿಸ್ಟರಮ್ಮ. ಬರೀಲಿಲ್ಲಂದ್ರ ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾಗ್ತದ. ಬರೀರಿ."

ಬರೆದ. ಸಕ್ಕರೆಗೆ ಸಂಬಂಧಿಸಿದ ಯಾವ ಚಿಕಿತ್ಸೆಗೂ ವಿಮೆ ಇಲ್ಲ ಎಂದು ಪಾಲಿಸಿಯ ಮೇಲೆ ಠಸ್ಸೆ ಬಿತ್ತು. ಉಳಿದ ಮೈಗಾದರೂ ಒಂದು ಆಸರೆ ಇರಲಿ ಎಂದು ದಸ್ಕತ್ತು ಹಾಕಿ ಬಂದೆ.

ಮೂರನೆಯ ವರ್ಷದ ಮಳೆಗಾಲ. ಸಿಂಧನೂರು ಬಸ್ ನಿಲ್ದಾಣದಲ್ಲಿ ಮಸ್ಕಿಯ ಬಸ್ಸು ಹತ್ತುವಾಗ ತೊಯ್ದ ಮೆಟ್ಟಿಲ ಮೇಲೆ ಕಾಲು ಜಾರಿತು. ಬಲಗಾಲು ಮಡಚಿಕೊಂಡು ಕೆಳಗೆ ಬಿದ್ದೆ. ಕಣಕಾಲಿನಲ್ಲಿ ಕಟ್ಟಿಗೆ ಮುರಿದ ಹಾಗೆ ಸದ್ದಾದದ್ದು ನನಗೇ ಕೇಳಿಸಿತು. ಎದೆಗವಚಿಕೊಂಡ ಥರ್ಮಾಸ್ ಮಾತ್ರ ಬಿಟ್ಟಿರಲಿಲ್ಲ. ಕಂಡಕ್ಟರ್ ಓಡಿ ಬಂದ. ನಾಲ್ಕು ಜನ ಎತ್ತಲು ಕೈಹಾಕಿದರು.

"ಮುಟ್ಟಬ್ಯಾಡ್ರಿ!" ಎಂದು ಚೀರಿದೆ. "ಯಾರರ ಎರಡು ಪೇಪರ್ ಕೊಡ್ರಿ. ಒಂದು ಟವೆಲ್ ಕೊಡ್ರಿ."

"ಪೇಪರ್ ಯಾಕ ಯವ್ವಾ, ಈಗ ಓದಾಕೇನು?" ಅಂದಿತು ಒಂದು ದನಿ.

ಪತ್ರಿಕೆಗಳನ್ನು ಗಟ್ಟಿಯಾಗಿ ಮಡಚಿ ಕಾಲಿನ ಎರಡೂ ಬದಿಗೆ ಇಟ್ಟು, ಟವೆಲ್ಲನ್ನು ಸೀಳಿಸಿ, ಎಲ್ಲಿ ಕಟ್ಟಬೇಕು ಎಷ್ಟು ಬಿಗಿಯಬೇಕು ಎಂದು ಕಂಡಕ್ಟರನಿಗೆ ಹೇಳಿದೆ. ಅವನು ಹೇಳಿದ ಹಾಗೆ ಕಟ್ಟಿದ. ಆಮೇಲೆ ಎತ್ತಿದರು.

ಎಕ್ಸ್‌ರೇ ತೆಗೆದ ಡಾಕ್ಟರು, ಎಲುಬು ಎರಡು ಕಡೆ ಮುರಿದಿದೆ, ಆಪರೇಷನ್ ಮಾಡಿ ಲೋಹದ ಪಟ್ಟಿ ಕೂಡಿಸಬೇಕು ಎಂದರು. ಮಸ್ಕಿ, ಸಿಂಧನೂರು, ಲಿಂಗಸುಗೂರು, ನಮ್ಮ ಈ ಮೂರೂ ಊರಿನಲ್ಲಿ ಆಗ ಎಲುಬಿನ ಡಾಕ್ಟರು ಖಾಯಂ ಇರಲಿಲ್ಲ. ರಾಯಚೂರಿನಿಂದ ಒಬ್ಬರು ಗುರುವಾರ ಗುರುವಾರ ಲಿಂಗಸುಗೂರಿನ ಒಂದು ನರ್ಸಿಂಗ್ ಹೋಮಿಗೆ ಬರುತ್ತಿದ್ದರು. ಮರುದಿನ ಗುರುವಾರ. ತಮ್ಮ ಬಾಡಿಗೆ ಜೀಪು ತಂದ. ಲಿಂಗಸುಗೂರಿಗೆ ಹೋದೆವು. ಆಪರೇಷನ್ ಆಯಿತು, ಹನ್ನೆರಡು ದಿನ ಮಲಗಿದೆ. ಸಕ್ಕರೆ ಇದ್ದವಳ ಗಾಯ ಮಾಯುವುದಿಲ್ಲ ಎಂದು ಹೆದರಿದ್ದರು. ಪಕ್ಕದ ಮಂಚದಲ್ಲಿದ್ದ ತುರ್ವಿಹಾಳದ ಬಾಣಂತಿಯ ಅತ್ತೆ ದಿನಾ ಬಂದು ನನ್ನ ಕಾಲನ್ನು ಇಣುಕಿ ನೋಡಿ, "ಬಣ್ಣ ಚಲೋ ಐತ್ಯವ್ವಾ" ಎಂದು ವರದಿ ಕೊಡುತ್ತಿದ್ದಳು. ಗಾಯ ಮಾಯಿತು.

ಬಿಲ್ಲು, ಚೀಟಿ, ಎಕ್ಸ್‌ರೇ ಎಲ್ಲ ಜೋಡಿಸಿ ಕಂಪನಿಗೆ ಕಳಿಸಿದೆ. ಎರಡು ತಿಂಗಳಿಗೆ ಒಂದು ಪುಟದ ಉತ್ತರ ಬಂತು. ಪಾಲಿಸಿಯ ಪ್ರಕಾರ ಖಾಸಗಿ ಆಸ್ಪತ್ರೆ ಎಂದರೆ ಕನಿಷ್ಠ ಹದಿನೈದು ಹಾಸಿಗೆ ಇರಬೇಕು. ನಾನು ಮಲಗಿದ್ದ ಜಾಗದಲ್ಲಿ ಹನ್ನೊಂದೇ ಇವೆ. ಆದ್ದರಿಂದ ಅದು ಆಸ್ಪತ್ರೆಯಲ್ಲ. ಆದ್ದರಿಂದ ನಾನು ಆಸ್ಪತ್ರೆಗೆ ಸೇರಿಯೇ ಇಲ್ಲ.

ನಾನು ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಆ ಪತ್ರವನ್ನು ಮೂರು ಸಲ ಓದಿದೆ. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಬದುಕಿದವಳಿಗೆ ಆಸ್ಪತ್ರೆ ಎಂದರೇನು ಎಂದು ಕಲಿಸಲು ಹೊರಟಿದ್ದರು.

ತಮ್ಮ ಓದಿ ನಿಟ್ಟುಸಿರು ಬಿಟ್ಟ. "ಹೋಗ್ಲಿ ಬಿಡಕ್ಕಾ. ಕಾಲು ನೆಟ್ಟಗಾತು. ಇಂಗ್ಲೆಂಡಿಗೆ ಹೋಗಿಬಿಡು ಅಂತ ನಾ ಆವಾಗ್ಲೇ ಹೇಳಿದ್ದೆ."

"ನಾ ಎಲ್ಲಿಗೂ ಹೋಗಂಗಿಲ್ಲ. ಲಿಂಗಸುಗೂರಿಗೆ ಹೋಗ್ತೀನಿ. ಮಂಚ ಎಣಸಾಕ."

ಅವನು ನನಗೆ ತಲೆ ಕೆಟ್ಟಿದೆ ಎಂದುಕೊಂಡ. ಪ್ಲಾಸ್ಟರ್ ಬಿಚ್ಚಿದ ಮೇಲೆ ಕಂಕುಳಲ್ಲಿ ಕೋಲು ಸಿಕ್ಕಿಸಿಕೊಂಡು ಹೊರಟೆ. ಲಿಂಗಸುಗೂರಿನ ಡಾಕ್ಟರು ತಮ್ಮ ಚೀಟಿಯ ಮೇಲೆ ಹನ್ನೊಂದು ಎಂದು ಬರೆದು, ಆಪರೇಷನ್ ಕೋಣೆ ಇದೆ, ಹಗಲೂ ರಾತ್ರಿ ನರ್ಸ್ ಇದ್ದಾರೆ ಎಂದೂ ಸೇರಿಸಿ ದಸ್ಕತ್ತು ಹಾಕಿದರು. ಅದೇ ಊರಿನ ಇನ್ನೊಂದರಲ್ಲಿ ಆರು. ಮಸ್ಕಿಯಲ್ಲಿ ಎರಡು ಮಂಚ ಮತ್ತು ಒಂದು ಮರದ ಬೆಂಚು; ಬೆಂಚನ್ನೂ ಬರೆದುಕೊಂಡೆ. ಸಿಂಧನೂರಿನಲ್ಲಿ ಮೂರು ನರ್ಸಿಂಗ್ ಹೋಮ್. ಒಂದರಲ್ಲಿ ಹನ್ನೆರಡು, ಇನ್ನೊಂದರಲ್ಲಿ ಏಳು. ಮೂರನೆಯದರ ಡಾಕ್ಟರು ಬರೆದುಕೊಡಲು ಒಪ್ಪಲಿಲ್ಲ. "ನಾಳೆ ಯಾರರ ಬಂದು ನನ್ನನ್ನ ಕೇಳಿದ್ರ? ನನಗ್ಯಾಕ ಬೇಕ್ರೀ ಉಸಾಬರಿ?" ಎಂದು ಒಳಗೆ ಹೋಗಿಬಿಟ್ಟರು.

ಮೆಟ್ಟಿಲು ಇಳಿಯುತ್ತಿದ್ದೆ. ಕಸಬರಿಗೆ ಹಿಡಿದಿದ್ದ ಒಬ್ಬ ಮುದುಕಿ ಹಿಂದಿನಿಂದ ಕರೆದಳು.

"ಯವ್ವಾ, ಒಂಬತ್ತು ಅದಾವ. ದಿನಾ ನಾನೇ ಹಾಸಿಗಿ ಝಾಡಸ್ತೀನಿ. ಬರಕೋ."

"ನೀ ಹೇಳಿದಿ ಅಂತ ಬರೀಲೇನು? ಕೆಲಸಕ್ಕ ಧಕ್ಕಿ ಬಂದ್ರ?"

"ಈ ಕೆಲಸ ಮಾಡಾಕ ಯಾರು ಸಾಲಿನಾಗ ನಿಂತಾರ?" ಎಂದು ನಕ್ಕಳು. ಬರೆದೆ. ಅವಳು ಎಡಗೈ ಹೆಬ್ಬೆರಳಿಗೆ ನನ್ನ ಪೆನ್ನಿನ ಮಸಿ ಬಳಿದುಕೊಂಡು ಒತ್ತಿದಳು.

ರಾಯಚೂರಿನಲ್ಲಿ ಗ್ರಾಹಕರ ದೂರು ಕೇಳುವ ವೇದಿಕೆ ಆಗಷ್ಟೇ ಶುರುವಾಗಿತ್ತು. ವಕೀಲರನ್ನು ಇಡಲೇಬೇಕೆಂದಿಲ್ಲ ಎಂದು ತಿಳಿದು ದೂರನ್ನು ನಾನೇ ಕನ್ನಡದಲ್ಲಿ ಬರೆದೆ. ಐದು ಸಲ ತಾರೀಖು ಕೊಟ್ಟು ಐದು ಸಲ ಮುಂದೂಡಿದರು. ಪ್ರತಿ ಸಲ ಬಸ್ಸಿನಲ್ಲಿ ಕಾಲು ಬಾತುಕೊಳ್ಳುತ್ತಿತ್ತು. ಪ್ರತಿ ಸಲವೂ ಹೋದೆ. ನಾನು ಬರುವುದು ನಿಲ್ಲಿಸುತ್ತೇನೆ ಎಂದು ಕಂಪನಿಯವರು ಕಾದಿದ್ದರೆ ನನ್ನ ಗುರುತು ಅವರಿಗಿರಲಿಲ್ಲ.

ಆರನೆಯ ಸಲ ವಿಚಾರಣೆ ನಡೆಯಿತು. ಮೇಜಿನ ಆಚೆ ಅಧ್ಯಕ್ಷರು, ಇಬ್ಬರು ಸದಸ್ಯರು. ಅವರಲ್ಲಿ ಒಬ್ಬರು ಹೆಂಗಸು. ಕಂಪನಿಯ ವಕೀಲರು ಎದ್ದು ನಿಂತರು.

"ಇವರು ಇಂಗ್ಲೆಂಡಿನ ಪ್ರಜೆ. ಅಲ್ಲಿ ಇವರಿಗೆ ಎಲ್ಲ ಚಿಕಿತ್ಸೆ ಉಚಿತ. ಅಂಥವರು ಇಲ್ಲಿ ಬಂದು ವಿಮೆ ಕೇಳುವುದೇ ವಿಚಿತ್ರ."

ನಾನು ಕೋಲು ಊರಿ ಎದ್ದೆ. "ಪಾಲಿಸಿ ಮಾರುವಾಗ ನನ್ನ ಪಾಸ್‌ಪೋರ್ಟ್ ನೋಡೇ ಬರಕೊಂಡಾರ. ಮಸ್ಕಿ ವಿಳಾಸ ಬರಕೊಂಡಾರ. ಮೂರು ವರ್ಷ ಕಂತು ತಗೊಳ್ಳೋವಾಗ ವಿಚಿತ್ರ ಅನ್ನಿಸಲಿಲ್ಲ. ಕಾಲು ಮುರಿದ ಮ್ಯಾಲೆ ನಾ ಇಂಗ್ಲೆಂಡಿನಾಕಿ ಆದ್ನೇನ್ರೀ?"

ರಾಯಚೂರಿನ ದೊಡ್ಡ ಆಸ್ಪತ್ರೆಗೆ ಬರಬಹುದಿತ್ತಲ್ಲ ಎಂದರು ವಕೀಲರು. ಮುರಿದ ಕಾಲು ಇಟ್ಟುಕೊಂಡು ಆ ರಸ್ತೆಯಲ್ಲಿ ನೀವು ಬರ್ತೀರಾ ಎಂದು ಕೇಳಿದೆ. ಆಮೇಲೆ ನನ್ನ ಚೀಟಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟೆ.

"ಇವು ಮೂರು ಊರಿನ ಮಂಚ. ಹದಿನೈದು ಇರೋದು ಒಂದೂ ಇಲ್ಲ. ಇದು ಪಾಲಿಸಿ ಮಾರೋವಾಗ ಅವರಿಗೆ ಗೊತ್ತಿರಲಿಲ್ಲೇನು? ಅವರ ಕಚೇರಿ ಸಿಂಧನೂರಾಗೇ ಐತಿ. ಇಲ್ಲದ ದವಾಖಾನಿಗೆ ವಿಮಾ ಮಾರ್ಯಾರ. ನಾವು ಎಲ್ಲಿ ಬೇನಿ ಬೀಳಬೇಕು ಅಂತ ಅವರೇ ಬರದು ಕೊಡ್ಲಿ."

ವಕೀಲರು ಹೆಬ್ಬೆಟ್ಟಿನ ಚೀಟಿಯನ್ನು ಎತ್ತಿ ತೋರಿಸಿ, ಇದೆಂಥ ದಾಖಲೆ, ಓದು ಬರಹ ಬಾರದ ಕಸ ಗುಡಿಸುವವಳದು ಎಂದರು. ಮಹಿಳಾ ಸದಸ್ಯರು ಅದನ್ನು ಕೈಗೆ ತೆಗೆದುಕೊಂಡು ಓದಿದರು.

"ಒಂಬತ್ತರ ತನಕ ಎಣಿಸೋದಕ್ಕೆ ಎಷ್ಟು ಓದಿರಬೇಕು ವಕೀಲರೇ?" ಎಂದು ಕೇಳಿದರು.

ಆದೇಶ ಬರಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಅದು ಆಸ್ಪತ್ರೆಯೇ, ಖರ್ಚು ಕೊಡತಕ್ಕದ್ದು ಎಂದಿತ್ತು. ಆ ಕಾಗದವನ್ನು ಮೊದಲು ಒಯ್ದದ್ದು ಆ ಮುದುಕಿಯ ಹತ್ತಿರ. ಓದಿ ಹೇಳಿದೆ. "ಹಂಗಾರ ನನ್ನ ಬಟ್ಟು ರಾಯಚೂರಿನ ತನಕ ಹೋಗಿತ್ತೇನು!" ಎಂದು ಅವಳು ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಚೆಕ್ಕು ತೆಗೆದುಕೊಳ್ಳಲು ಸಿಂಧನೂರಿನ ಕಚೇರಿಗೆ ಹೋದಾಗ ಅದೇ ಎತ್ತರದ ಅಧಿಕಾರಿ ರಸೀದಿ ಮುಂದಿಟ್ಟ. ಅದರಲ್ಲಿ 'ಕೃತಜ್ಞತೆಯೊಂದಿಗೆ ಸ್ವೀಕರಿಸಿದ್ದೇನೆ' ಎಂದು ಅಚ್ಚಾಗಿತ್ತು. ಮೊದಲನೆಯ ಶಬ್ದಕ್ಕೆ ಗೀಟು ಎಳೆದು ಸಹಿ ಹಾಕಿದೆ.

"ಹಂಗ ಹೊಡದು ಹಾಕಬಾರದ್ರೀ ಸಿಸ್ಟರಮ್ಮ."

"ಹಾಕೀನಿ. ಬ್ಯಾಡಾದ್ರ ಚೆಕ್ಕು ಇಟ್ಕೊಳ್ರಿ, ಮತ್ತ ರಾಯಚೂರಾಗ ಭೇಟಿ ಆಗೂಣು."

ಅವನು ರಸೀದಿ ಫೈಲಿಗೆ ಸೇರಿಸಿದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ನಿಯಮ ಅವನು ಮಾಡಿದ್ದಲ್ಲ.

ನನ್ನೊಬ್ಬಳ ಮಟ್ಟಿಗೆ ಗೆದ್ದೆ, ಅಷ್ಟೇ. ಹದಿನೈದು ಮಂಚದ ಮಾತು ಪಾಲಿಸಿಯಲ್ಲಿ ಹಾಗೇ ಉಳಿಯಿತು. ಸುದ್ದಿ ಹರಡಿ ಜನ ತಮ್ಮ ಕಾಗದ ಹಿಡಿದು ತಮ್ಮನ ಅಂಗಡಿಗೆ ಬರತೊಡಗಿದರು: ಪಾಮನಕಲ್ಲೂರಿನ ಮೇಷ್ಟ್ರು, ಲಿಂಗಸುಗೂರಿನ ಒಬ್ಬ ಗುಮಾಸ್ತ, ಮಿಲ್ಲಿನ ಮಾಲೀಕನ ಹೆಂಡತಿ. ಬಟ್ಟೆಯ ಗಂಟುಗಳ ಪಕ್ಕದಲ್ಲಿ ನನಗೊಂದು ಕುರ್ಚಿ ಬಂತು. ಕೆಲವರ ಅರ್ಜಿ ಗೆದ್ದಿತು. ಮೇಷ್ಟ್ರದು ಸೋತಿತು, ಪಿತ್ತಕೋಶದ ಕಲ್ಲು ಪಾಲಿಸಿಗಿಂತ ಮೊದಲೇ ಇತ್ತು ಎಂದು ಸಾಧಿಸಿಬಿಟ್ಟರು. ಆ ಕಲ್ಲು ಯಾವ ತಿಂಗಳು ಹುಟ್ಟಿತೆಂದು ಅವರಿಗೆ ಹೇಗೆ ಗೊತ್ತಾಯಿತೋ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಮೇಲ್ಮನವಿ ಬರೆಯೋಣ ಎಂದೆ. ಮೇಷ್ಟ್ರು ಬೇಡ ಎಂದರು. ಅವರ ಹೆಂಡತಿ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ನೀವು ಬರೀರಿ ಅಕ್ಕಾರ, ಇವರ ಕಡಿಂದ ನಾ ಸಹಿ ಮಾಡಸ್ತೀನಿ" ಎಂದಳು. ನಾನು ಹೊಸ ಹಾಳೆ ತೆಗೆದೆ.