ಹಾಡಿನ ಅಡಿಯ ಉಸಿರು

ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯೊಳಗಿನ ಬಟ್ಟಲುಗಳಲ್ಲಿ ಸಾಸಿವೆ, ಅರಿಸಿನ, ಮೆಂತ್ಯೆ ಎಲ್ಲವೂ ತಂತಮ್ಮ ಜಾಗದಲ್ಲಿ ಇರುತ್ತವೆ. ಜೀರಿಗೆಯ ಬಟ್ಟಲಿನಲ್ಲಿ ಮಾತ್ರ ಬಹಳ ದಿನ ನನ್ನ ಇಯರ್‌ಫೋನು ಸುರುಳಿ ಸುತ್ತಿ ಮಲಗಿತ್ತು. ಎಲ್ಲಿಟ್ಟರೂ ಗಂಟು ಬೀಳುವುದು ಆ ವೈರಿನ ಹುಟ್ಟುಗುಣ. ಒಮ್ಮೆ ಜೀರಿಗೆ ಮುಗಿದಾಗ ಖಾಲಿ ಬಟ್ಟಲಿಗೆ ಅದನ್ನು ಸುತ್ತಿಟ್ಟು ನೋಡಿದೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕುಳಿತುಬಿಟ್ಟಿತು. ಜೀರಿಗೆ ಅಂದಿನಿಂದ ಒಂದು ಹಳೆಯ ಬಾಟಲಿಗೆ ಬಿಡಾರ ಬದಲಿಸಿತು. ನಮ್ಮ ಅವ್ವನಿಗೆ ಈ ಏರ್ಪಾಡು ಒಂದು ದಿನವೂ ಸರಿಬರಲಿಲ್ಲ. ಒಗ್ಗರಣೆಗೆ ಎಣ್ಣೆ ಕಾಯಿಸಿ ಡಬ್ಬಿ ತೆರೆದಾಗಲೆಲ್ಲ, "ಸಾರಿಗಿ ಹಾಡು ಹಾಕ್ಲೇನ?" ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ನಾನು ಜಗ್ಗಲಿಲ್ಲ. ನಮ್ಮ ಬಡಾವಣೆ ವಿದ್ಯಾಗಿರಿಯ ರಸ್ತೆಗಳಲ್ಲಿ ಬೆಳಗಿನ ಹೊತ್ತು ಕಿವಿಯಲ್ಲಿ ಹಾಡು, ಮೂಗಿನಲ್ಲಿ ಜೀರಿಗೆಯ ಘಮ ತುಂಬಿಕೊಂಡು ಓಡುವ ಹೆಂಗಸು ಬಾಗಲಕೋಟೆಯಲ್ಲಿ ನಾನೊಬ್ಬಳೇ ಇದ್ದಿರಬೇಕು.

ಓಡುವುದೆಂದರೆ ಜಿಂಕೆಯ ಓಟವನ್ನು ಕಲ್ಪಿಸಿಕೊಳ್ಳಬೇಡಿ. ಐವತ್ತರ ಹೊಸ್ತಿಲಲ್ಲಿರುವ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ, ಅಂದರೆ ಇದ್ದಲ್ಲೇ ಇರುವ ಜೀವಿಗಳ ಬಗ್ಗೆ ಆಯುಷ್ಯವಿಡೀ ಮಾತಾಡಿದ ಹೆಂಗಸಿನ ಓಟ ಅದು. ಸಕ್ಕರೆ ಕಾಯಿಲೆ ಬಾಗಿಲು ಬಡಿದಾಗ ಡಾಕ್ಟರು ನಡೆಯಲು ಹೇಳಿದರು. ನಡಿಗೆ ಒಂದು ವರ್ಷದಲ್ಲಿ ಓಟವಾಯಿತು. ಓಟ ಹಟವಾದದ್ದು ಶಮೀಮಾಳ ದೆಸೆಯಿಂದ. ಶಮೀಮಾ ಇಳಕಲ್ಲಿನವಳು, ನಮ್ಮ ಕಾಲೇಜಿನಲ್ಲೇ ಗಣಿತ ಕಲಿಸುತ್ತಾಳೆ, ನನಗಿಂತ ಹತ್ತು ವರ್ಷ ಚಿಕ್ಕವಳು. ಬಾದಾಮಿಯಿಂದ ಪಟ್ಟದಕಲ್ಲಿಗೆ ಅರ್ಧ ಮ್ಯಾರಥಾನ್ ಏರ್ಪಟ್ಟಿದೆ ಎಂದು ತಿಳಿದ ದಿನ ನನ್ನನ್ನು ಕೇಳದೆಯೇ ನನ್ನ ಹೆಸರನ್ನೂ ಸೇರಿಸಿ, ಆಮೇಲೆ ಸ್ಟಾಫ್ ರೂಮಿಗೆ ಬಂದು ಸುದ್ದಿ ಹೇಳಿದಳು. ಬೈಯಬೇಕೆಂದುಕೊಂಡವಳು ಒಳಗೊಳಗೇ ಹಿಗ್ಗಿದೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಪ್ರತಿ ಸಲವೂ ನಿಂತುಕೊಂಡೇ ಹೋಗಿದ್ದೇನೆ. ಆ ದಾರಿಯನ್ನು ಒಮ್ಮೆ ನನ್ನ ಕಾಲಿನಿಂದಲೇ ಮುಗಿಸಬೇಕು ಎಂಬ ಛಲ ಅಂದೇ ಹುಟ್ಟಿತು.

ಓಟಕ್ಕೆ ಇನ್ನೂ ಕೆಲವು ವಾರಗಳಿರುವಾಗ ಮೊಬೈಲಿಗೆ ನಿಯಮಗಳು ಬಂದವು. ರಸ್ತೆಯ ಒಂದು ಬದಿಯಲ್ಲಿ ವಾಹನಗಳಿರುತ್ತವೆ, ಆದ್ದರಿಂದ ಓಟಗಾರರು ಕಿವಿಗೆ ಏನನ್ನೂ ಹಾಕಿಕೊಳ್ಳಬಾರದು ಎಂಬ ಸಾಲು ಅವುಗಳಲ್ಲಿತ್ತು. ಕಾಲೇಜಿನೆದುರಿನ ಚಹಾದಂಗಡಿಯಲ್ಲಿ ಶಮೀಮಾಳ ಮುಂದೆ ದೊಡ್ಡ ಭಾಷಣ ಮಾಡಿದೆ. ಇವರು ಪ್ರಾರಂಭದ ಗೆರೆಯ ಹತ್ತಿರ ಆಳೆತ್ತರದ ಸ್ಪೀಕರುಗಳನ್ನಿಟ್ಟು ಎದೆಗೂಡು ನಡುಗುವಂತೆ ಹಾಡು ಹಾಕುತ್ತಾರೆ, ಆಗ ಸಂಗೀತ ಉತ್ಸಾಹ. ಅದೇ ಸಂಗೀತ ನನ್ನ ಎರಡು ಕಿವಿಗಳ ಅಳತೆಗೆ ಇಳಿದರೆ ಅಪಾಯವೇ? ಬಂಡೆ ಒಡೆಯುವವರಿಗೆ ಹಾಡು ಬೇಕು, ಬೀಸುವ ಕೈಗೆ ಹಾಡು ಬೇಕು, ನಾಟಿಗೆ ಬಾಗಿದ ಬೆನ್ನಿಗೆ ಹಾಡು ಬೇಕು; ಓಡುವ ಕಾಲಿಗಷ್ಟೇ ಮೌನವ್ರತವೇಕೆ? ನನ್ನ ವಾದ ನನಗೇ ಬಹಳ ಮೆಚ್ಚುಗೆಯಾಯಿತು.

ಶಮೀಮಾ ಚಹಾ ಮುಗಿಸುವವರೆಗೂ ಕೇಳಿ, "ಅವರೆಲ್ಲಾ ಕಿವಿ ತೆರಕೊಂಡು ಹಾಡ್ತಾರ್ರಿ ಅಕ್ಕಾರ, ಮುಚ್ಕೊಂಡು ಅಲ್ಲ. ಶ್ರೀಶೈಲಕ್ಕ ನಡಕೋತ ಹೋಗೋರನ್ನ ನೋಡೀರಿಲ್ಲ? ಒಬ್ಬರು ಎತ್ತಿ ಕೊಟ್ಟ ಹಾಡನ್ನ ಇನ್ನೊಬ್ಬರು ಹಿಡೀತಾರ. ನಿಮ್ಮ ಹಾಡು ಯಾರಿಗೆ ಕೇಳಸ್ತದ?" ಎಂದಳು.

"ನನಗ ಕೇಳಿದ್ರ ಸಾಕು," ಎಂದೆ.

ಅವಳು ಖಾಲಿ ಲೋಟ ಕೆಳಗಿಟ್ಟು, "ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದಳು. "ಏರು ಬಂದಾಗೆಲ್ಲಾ ನಿಮ್ಮ ಕೈ ಮೊಬೈಲಿಗೆ ಹೋಗ್ತದ. ನಾ ಭಾಳ ದಿನದಿಂದ ನೋಡಾಕತ್ತೀನಿ. ಸಪಾಟ ರಸ್ತಾದಾಗ ಸಣ್ಣ ಸಪ್ಪಳ, ಏರಿನಾಗ ಜೋರು. ಯಾಕ್ರಿ?"

 ಉತ್ತರ ಇತ್ತು, ಆದರೆ ಅದು ಚಹಾದಂಗಡಿಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಏರಿನಲ್ಲಿ ಉಸಿರು ಏರುತ್ತದೆ, ಆ ಸದ್ದನ್ನು ನಾನು ಕೇಳಲಾರೆ. ಕಾಲು ನೋವು ತಡೆಯಬಲ್ಲೆ, ಬಿಸಿಲು ತಡೆಯಬಲ್ಲೆ, ನನ್ನದೇ ಏದುಸಿರಿನ ಸದ್ದೊಂದು ಕಿವಿಗೆ ಬಿದ್ದರೆ ಮೈ ತಣ್ಣಗಾಗುತ್ತದೆ. ಹಾಡು ನನಗೆ ಉತ್ಸಾಹವಾಗಿರಲಿಲ್ಲ, ಪರದೆಯಾಗಿತ್ತು. ಅಂದು ಸಂಜೆ ಮನೆಗೆ ನಡೆದು ಹೋಗುವಾಗ, ಆ ಪರದೆಯನ್ನು ಮೊದಲು ಎಳೆದ ಕೈ ನನ್ನದಲ್ಲ ಎಂಬುದು ನೆನಪಾಯಿತು.

ನಮ್ಮ ಅಪ್ಪ ಹುನಗುಂದದಲ್ಲಿ ದರ್ಜಿಯಾಗಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಮೇಲಿನ ಗೂಡಿನಲ್ಲಿ ಒಂದು ರೇಡಿಯೋ. ಅವರಿಗೆ ದಮ್ಮಿನ ಕಾಯಿಲೆ ಇತ್ತು. ಅರಿವೆಯ ನವಿರು ಧೂಳು ಎದ್ದ ದಿನ, ಚಳಿ ಬಿದ್ದ ದಿನ, ಅವರ ಎದೆಯಿಂದ ಹಳೆಯ ಬಾಗಿಲು ತೆರೆದಂಥ ಸದ್ದು ಬರುತ್ತಿತ್ತು. ಆಗ ಅವರು ಕತ್ತರಿ ಕೆಳಗಿಟ್ಟು ಕೈ ಎತ್ತಿ ರೇಡಿಯೋದ ತಿರುಪು ತಿರುಗಿಸಿ ಹಾಡು ಜೋರು ಮಾಡುತ್ತಿದ್ದರು. ಮಕ್ಕಳಾದ ನಮಗೆ ಅಪ್ಪನ ಸಂಗೀತಪ್ರೇಮದ ಬಗ್ಗೆ ದೊಡ್ಡ ಹೆಮ್ಮೆ. ಪೇಟೆಗೆ ಹೊರಟರೆ ಹತ್ತು ಹೆಜ್ಜೆಗೊಮ್ಮೆ ನಿಂತು, "ಏನ್ರಿ, ಆರಾಮ?" ಎಂದು ಕಂಡಕಂಡವರನ್ನು ಮಾತಾಡಿಸುತ್ತಿದ್ದರು. ಅವರು ಸ್ನೇಹದ ಮನುಷ್ಯರೆಂದು ಊರೇ ಕೊಂಡಾಡುತ್ತಿತ್ತು. ನಿಲ್ಲುವುದು ಉಸಿರಿಗಾಗಿ, ಮಾತು ಅದರ ನೆಪ ಎಂಬುದು ನನಗೆ ತಿಳಿಯುವ ಹೊತ್ತಿಗೆ ಅವರು ಪೇಟೆಗೆ ಹೋಗುವುದೇ ನಿಂತಿತ್ತು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವಾಗ ಅಪ್ಪ ತೀರಿಕೊಂಡರು. ಆ ಸದ್ದು ಮಾತ್ರ ನನ್ನ ಕಿವಿಯಲ್ಲಿ ಬಾಡಿಗೆಯಿಲ್ಲದೆ ಉಳಿದುಕೊಂಡಿತು.

ಅಪ್ಪನ ಕೈ ತಿರುಪಿಗೆ ಹೋಗುತ್ತಿತ್ತು, ನನ್ನ ಕೈ ಮೊಬೈಲಿಗೆ ಹೋಗುತ್ತದೆ. ಇಷ್ಟು ಅರ್ಥವಾದ ಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾಯಿಲೆ ಅಪ್ಪನದು, ನನ್ನ ಶ್ವಾಸಕೋಶಗಳನ್ನು ಡಾಕ್ಟರು ಎರಡು ಸಲ ಪರೀಕ್ಷಿಸಿ ಗಟ್ಟಿಯಾಗಿವೆ ಎಂದಿದ್ದಾರೆ. ಹಾಗಿರುವಾಗ ಗಟ್ಟಿ ಉಸಿರಿಗೆ ನಾನೇಕೆ ಹೆದರಬೇಕು? ಓಡಿದರೆ ತೆರೆದ ಕಿವಿಯಲ್ಲೇ ಓಡುತ್ತೇನೆ, ಇಲ್ಲವೇ ಓಡುವುದೇ ಇಲ್ಲ ಎಂದು ಅಂದೇ ತೀರ್ಮಾನಿಸಿದೆ. ಸಂಘಟಕರ ನಿಯಮ ಅಷ್ಟರಲ್ಲಿ ನನ್ನ ಮನಸ್ಸಿನಿಂದ ಜಾರಿಹೋಗಿತ್ತು, ಇದು ನನ್ನದೇ ನಿಯಮವಾಗಿತ್ತು. ಅಭ್ಯಾಸದ ಓಟಗಳಲ್ಲಿ ಸಪಾಟು ರಸ್ತೆಗೆ ಹಾಡು ಬಿಟ್ಟು ಓಡಿದೆ, ಆಮೇಲೆ ಸಣ್ಣ ದಿಬ್ಬಗಳಲ್ಲೂ ಬಿಟ್ಟೆ. ದೊಡ್ಡ ಏರುಗಳಲ್ಲಿ ಮಾತ್ರ ನಾಲ್ಕು ಸಲ ಸೋತು ನಡೆದೆ. ಸೋತ ಮರುದಿನವೇ ಶಮೀಮಾ ಮತ್ತೆ ಅದೇ ಏರಿಗೆ ಕರೆದುಕೊಂಡು ಹೋಗುತ್ತಿದ್ದಳು.

ಓಟದ ಬೆಳಗ್ಗೆ ಬಾದಾಮಿಯಲ್ಲಿ ಸ್ಪೀಕರುಗಳು ನಾನು ಹೇಳಿದ ಹಾಗೆಯೇ ಅಬ್ಬರಿಸುತ್ತಿದ್ದವು. ಶಮೀಮಾ ತನ್ನ ವೇಗಕ್ಕೆ ತಕ್ಕವರ ಜೊತೆ ಮುಂದೆ ಹೋದಳು. ನಾನು ಹಿಂದಿನ ಸಾಲಿನಲ್ಲಿದ್ದೆ. ಇಯರ್‌ಫೋನು ಪ್ಯಾಂಟಿನ ಜೇಬಿನಲ್ಲಿತ್ತು, ಬಳಸಲಿಕ್ಕಲ್ಲ, ಸುಮ್ಮನೆ ಧೈರ್ಯಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಊರು ದಾಟಿದ ಮೇಲೆ ಸದ್ದುಗಳು ಒಂದೊಂದಾಗಿ ಬಂದವು. ಎಷ್ಟೋ ಜನರ ಬೂಟುಗಳು ಡಾಂಬರಿನ ಮೇಲೆ ಬೀಳುವ ಸಪ್ಪಳ, ಜೋಳದ ಹೊಲಗಳಲ್ಲಿ ಗಾಳಿ, ಯಾರೋ ಹಕ್ಕಿ ಓಡಿಸುವ ಕೂಗು, ಹಿಂದಿನಿಂದ ಬಂದ ಬಸ್ಸಿನ ಹಾರ್ನು. ಬಸ್ಸಿನ ಕಿಟಕಿಯಿಂದ ಒಬ್ಬರು, "ಹತ್ತಿ ಬರ್ರಿ ಅಕ್ಕಾರ, ಸೀಟು ಐತಿ!" ಎಂದರು. ಇಷ್ಟು ವರ್ಷದಲ್ಲಿ ಆ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ್ದು ಅಂದೊಂದೇ ಸಲ.

ಅರ್ಧ ದಾರಿ ಕಳೆದ ಮೇಲೆ ಒಂದು ಉದ್ದನೆಯ ಏರು ಬಂತು. ಸುತ್ತಲಿನವರು ಚದುರಿಹೋಗಿದ್ದರು. ಬೇರೆಯವರ ಬೂಟಿನ ಸಪ್ಪಳವೂ ಇಲ್ಲದ ಆ ರಸ್ತೆಯಲ್ಲಿ ನನ್ನ ಉಸಿರು ಮೊದಲು ಸಣ್ಣಗೆ, ಆಮೇಲೆ ಗಟ್ಟಿಯಾಗಿ ಕೇಳಿಸಿತು, ಇನ್ನೊಂದಷ್ಟು ದೂರಕ್ಕೆ ಹಳೆಯ ಬಾಗಿಲು ತೆರೆದ ಸದ್ದೇ ಬಂತು. ಅದು ಗಂಟಲು ಒಣಗಿದ್ದರಿಂದ ಎಂದು ಬುದ್ಧಿಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಕೈ ಜೇಬಿಗೆ ಹೋಯಿತು. ವೈರು ಬೆರಳಿಗೆ ಸಿಕ್ಕಿತು, ಜೀರಿಗೆಯ ವಾಸನೆ ಮೂಗಿಗೆ ಬಂತು. ಒಂದು ತುದಿಯನ್ನು ಕಿವಿಯ ತನಕ ಎತ್ತಿದ್ದೆ.

"ಎಲ್ಲೀತನಕಾ ಹೊಂಟೀಯವ್ವಾ?"

ರಸ್ತೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಮಜ್ಜಿಗೆಯ ಕೊಡ ಇಟ್ಟುಕೊಂಡು, ಕೈಯಲ್ಲಿ ಲೋಟ ಹಿಡಿದು ನಿಂತಿದ್ದಳು. ನಮ್ಮ ಸೀಮೆಯಲ್ಲಿ ದಾರಿಯಲ್ಲಿ ಹೀಗೆ ಕೇಳಿದವರಿಗೆ ಉತ್ತರ ಕೊಡದೆ ಮುಂದೆ ಹೋಗುವ ರೂಢಿಯಿಲ್ಲ. ಹಾಗೆ ಹೋದವರನ್ನು ಸೊಕ್ಕಿನವರೆನ್ನುತ್ತಾರೆ. ಕೈ ತಾನಾಗಿ ಕೆಳಗಿಳಿಯಿತು, ನಾನು ನಿಂತೆ.

"ಪಟ್ಟದಕಲ್ಲಿಗಿ, ಯವ್ವಾ," ಎಂದೆ ಏದುತ್ತ.

"ನಸಿಕಿನಿಂದ ನೋಡಾಕತ್ತೀನಿ, ಎಷ್ಟು ಮಂದಿ! ನಿಂದೂ ಹರಕಿ ಏನು?"

ಆಗ ತಿಳಿಯಿತು. ಅಜ್ಜಿ ನಮ್ಮನ್ನು ಪಾದಯಾತ್ರೆಯವರೆಂದುಕೊಂಡಿದ್ದಾಳೆ, ಅದಕ್ಕೇ ಈ ಮಜ್ಜಿಗೆ. ಮ್ಯಾರಥಾನ್ ಎಂಬುದನ್ನು ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ. ಸುಮ್ಮನೆ ತಲೆಯಾಡಿಸಿದೆ.

"ಯಾರ ಹೆಸರೀಲೆ?"

"ನಮ್ಮಪ್ಪನ ಹೆಸರೀಲೆ," ಎಂದುಬಿಟ್ಟೆ.

"ಹಂಗಾದ್ರ ಮುಗಿಸೇ ಹೋಗ್ಬೇಕು. ಕುಡಿ, ದಮ್ಮು ಆರಿಸ್ಕೊ, ಹೋಗು," ಎಂದು ಲೋಟ ಕೊಟ್ಟಳು.

ಕುಡಿದೆ. ನಿಂತು ಎರಡು ಮಾತಾಡಿದ್ದಕ್ಕೆ ಉಸಿರು ತಾನೇ ಇಳಿದಿತ್ತು. ಅಪ್ಪ ಹತ್ತು ಹೆಜ್ಜೆಗೊಮ್ಮೆ ಹೀಗೆಯೇ ನಿಲ್ಲುತ್ತಿದ್ದರು. ಮಾತು ಬರೀ ನೆಪವೆಂದು ನಾನು ಇಷ್ಟು ವರ್ಷ ತಿಳಿದದ್ದು ಅರ್ಧ ಮಾತ್ರ ಸರಿ. ಎದುರಿನವರ "ಆರಾಮ?" ಎಂಬ ಮಾತು ಅವರಿಗೆ ಮುಂದಿನ ಹತ್ತು ಹೆಜ್ಜೆಗೆ ಸಾಕಾಗುತ್ತಿತ್ತು. ನಾನು ವೈರನ್ನು ಜೇಬಿಗೆ ತಳ್ಳಿ, ಏರಿನ ಉಳಿದ ಭಾಗಕ್ಕೆ ಕಾಲು ಹಾಕಿದೆ. ಸದ್ದು ಮತ್ತೆ ಎದ್ದಿತು. ಏಳಲಿ ಎಂದುಕೊಂಡೆ. ಎದೆಯಿಂದ ಆ ಸದ್ದು ಬರುತ್ತಿದ್ದಷ್ಟು ಕಾಲ ಅಪ್ಪ ಇದ್ದರು. ಅದು ಸಾವಿನ ಸದ್ದೆಂದು ನಾನು ಹೆದರುತ್ತ ಬಂದೆ, ಆದರೆ ಬದುಕಿರುವವರು ಮಾತ್ರ ಮಾಡಬಲ್ಲ ಸದ್ದು ಅದು. ನನ್ನ ಏದುಸಿರನ್ನು ನಾನೇ ಕೇಳುತ್ತ ಏರು ಮುಗಿಸಿದೆ. ಮಲಪ್ರಭೆಯ ದಂಡೆಯ ಗುಡಿಗಳು ಕಾಣಿಸಿದಾಗ ಓಟ ಮುಗಿಸಬೇಕಾದ ಗಡುವಿಗೆ ಬಹಳ ಹೊತ್ತು ಉಳಿದಿರಲಿಲ್ಲ. ಕೊನೆಯ ಗೆರೆಯಲ್ಲಿ ಶಮೀಮಾ, "ಬರ್ರಿ ಅಕ್ಕಾರ, ಬರ್ರಿ!" ಎಂದು ಕೂಗಿದ್ದು ನನಗೆ ದೂರದಿಂದಲೇ ಕೇಳಿಸಿತು. ಪದಕ ಕೊರಳಿಗೆ ಬಿದ್ದಾಗ ನನ್ನ ಹಿಂದೆ ಇನ್ನೂ ಏಳೆಂಟು ಜನ ಇದ್ದರು.

ಮ್ಯಾರಥಾನಿನಲ್ಲಿ ಹಾಡು ಕೇಳಬೇಕೇ ಎಂದು ಈಗ ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಮನೆಯಲ್ಲಿ ಕೇಳಿ, ಬಸ್ಸಿನಲ್ಲಿ ಕೇಳಿ, ಒಬ್ಬರೇ ಅಭ್ಯಾಸ ಮಾಡುವ ಮೈದಾನದಲ್ಲಿ ಬೇಕಾದರೂ ಕೇಳಿ. ಹತ್ತು ಜನರ ಜೊತೆ ಹತ್ತು ಜನರ ರಸ್ತೆಯಲ್ಲಿ ಓಡುವಾಗ ಕಿವಿ ತೆರೆದಿರಲಿ. ಹಿಂದೆ ಬಸ್ಸು ಬರುತ್ತದೆ, ಪಕ್ಕದಲ್ಲಿ ಯಾರೋ ಕುಸಿಯುತ್ತಾರೆ, ಯಾರೋ ಮಜ್ಜಿಗೆ ಹಿಡಿದು ಎಲ್ಲಿಗೆಂದು ಕೇಳುತ್ತಾರೆ. ಹಾಡಿಲ್ಲದೆ ಕಾಲೇ ಏಳದವರ ಕಷ್ಟ ನನಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಮಾತು ಇದೇ.

ಸಂಜೆ ವಿದ್ಯಾಗಿರಿಯ ಮನೆಗೆ ಬಂದು ಕಾಲು ಚಾಚಿ ಕುಳಿತು ಅವ್ವನಿಗೆ ಎಲ್ಲವನ್ನೂ ಹೇಳಿದೆ. ರೇಡಿಯೋದ ಮಾತು ಬಂದಾಗ ನನ್ನ ಕಾಲಿಗೆ ಹಚ್ಚಲು ಅವಳು ತಂದಿದ್ದ ಎಣ್ಣೆಯ ಬಟ್ಟಲು ಅಲ್ಲೇ ನಿಂತಿತು.

"ರೇಡಿಯೋ ಜೋರಾತಂದ್ರ ನಾ ರೊಟ್ಟಿ ಬಡಿಯೋದು ನಿಲ್ಲಿಸಿಬಿಡ್ತಿದ್ದೆ, ಸರೂ," ಎಂದಳು. "ಹಾಡಿನ ಕೆಳಗ ಅವರ ಉಸುರು ಕೇಳ್ತದೋ ಇಲ್ಲೋ ಅಂತ ಕಿವಿ ಕೊಟ್ಟು ನಿಂದ್ರತಿದ್ದೆ. ಕೇಳಿಸಿದ ಮ್ಯಾಲೇ ರೊಟ್ಟಿ ಹಂಚಿಗಿ ಹಾಕೋದು. ಅಷ್ಟು ವರ್ಷ ಮನ್ಯಾಗ ಹಾಡು ಹಾಡೇ ಇತ್ತು. ನಾ ಖರೆ ಹೇಳ್ತೇನಿ, ಒಂದು ಹಾಡೂ ಪೂರಾ ಕೇಳಿಲ್ಲ."

 ಜೇಬಿನಿಂದ ಇಯರ್‌ಫೋನು ತೆಗೆದು, ಅವಳ ಸೆರಗಿನಿಂದಲೇ ಒರೆಸಿ, ಅವಳ ಎರಡೂ ಕಿವಿಗಳಿಗೆ ಇಟ್ಟು, ಅಪ್ಪನ ಅಂಗಡಿಯ ಕಾಲದ ಒಂದು ಹಾಡು ಹಚ್ಚಿದೆ. "ಜೀರಗಿ ವಾಸನಿ," ಎಂದು ಮುಖ ಸಿಂಡರಿಸಿದಳು. ಆಮೇಲೆ ಕಣ್ಣು ಮುಚ್ಚಿದಳು. ಹಾಡು ನಡೆಯುತ್ತಿರುವಾಗಲೇ ಅವಳ ಬಲಗೈ ಮೆಲ್ಲಗೆ ಬಂದು ನನ್ನ ಬೆನ್ನ ಮೇಲೆ ಕುಳಿತಿತು. ಒಳಗೆ ಉಸಿರು ಏರಿಳಿಯುವುದನ್ನು ಅಂಗೈಯಿಂದ ನೋಡಿಕೊಳ್ಳುತ್ತ, ಹಾಡು ಮುಗಿಯುವವರೆಗೂ ಅಲ್ಲೇ ಇತ್ತು.

ಮಾರನೆಯ ದಿನ ಮಸಾಲೆ ಡಬ್ಬಿ ತೆರೆದರೆ ಜೀರಿಗೆಯ ಬಟ್ಟಲಿನಲ್ಲಿ ಮತ್ತೆ ಜೀರಿಗೆಯೇ ತುಂಬಿತ್ತು. ಇಯರ್‌ಫೋನನ್ನು ಹುಡುಕಬೇಕಾಗಲಿಲ್ಲ, ಅವ್ವನ ದಿಂಬಿನ ಪಕ್ಕದಲ್ಲಿ ಅದರ ವೈರು ಕಾಣುತ್ತಿತ್ತು.