ಸುಟ್ಟು ನೋಡಿದ ಸರ

ಎದುರುಮನೆ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳಿಗೆ ದಾರ ಸಿಕ್ಕಿಸಿ, ಬಿಗಿಯಾಗಿ ಎಳೆದು, ಮಕ್ಕಳಿಗೆ ಮಣಿ ಪೋಣಿಸಲು ಕಲಿಸುತ್ತಿದ್ದರು. ಮಣಿಯೆಂದರೆ ಶಾಯಿ ಮುಗಿದ ರೀಫಿಲ್ಲಿನ ತುಂಡು, ಹಳೆ ಕ್ಯಾಲೆಂಡರ್ ಹಾಳೆಯ ಸುರುಳಿ, ಮಾತ್ರೆ ಪಟ್ಟಿಯ ಬೆಳ್ಳಿಕಾಗದದ ಗುಂಡು. ನನಗೆ ನಂಟಲ್ಲ, ಇಡೀ ಬೀದಿಗೇ ಅವರು ಅತ್ತೆ.

ಅದು ತೊಂಬತ್ತರ ದಶಕದ ಸೇಲಂ, ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿ. ನನ್ನ ಮನೆಯಲ್ಲಿ ಐದಕ್ಕೆ ನೀರು, ಆರಕ್ಕೆ ಮಗ್ಗ, ಎಂಟಕ್ಕೆ ತಿಂಡಿ. ಅತ್ತೆಯ ಜಗಲಿಗೆ ಹೊತ್ತುಗೊತ್ತಿರಲಿಲ್ಲ. ಶಾಲೆ ಬಿಟ್ಟ ಮಕ್ಕಳೆಲ್ಲ ಅಲ್ಲೇ. ಯಾವ ಮನೆಯಿಂದ ಏನು ಹೊತ್ತು ತರುತ್ತಾರೋ ಎಂದು ನಾನು ಕಿಟಕಿಯಿಂದ ನೋಡುತ್ತಿದ್ದೆ. ಲಾಭವಿಲ್ಲದೆ ಇಷ್ಟು ಕಷ್ಟ ಯಾರು ಪಡುತ್ತಾರೆ?

"ಏನ್ ಅತ್ತೆ, ಕಸ ಎಲ್ಲಾ ಬಂಗಾರ ಆಗೋಯ್ತಾ?" ಕಿಟಕಿಯಿಂದಲೇ ಕೆಣಕುತ್ತಿದ್ದೆ.

"ನಿಮ್ಮನೇದು ಮಾತ್ರ ಬರಾಕಿಲ್ಲ ತಾಯಿ. ನೀನು ಕಸಾನೂ ಮಡಚಿ ಮಡಗೋಳು!"

ಒಂದು ಶುಕ್ರವಾರ ಸಂಜೆ ನಮ್ಮ ಜರಿ ಎಳೆ ಸುತ್ತಿದ ಕಂಡಿಕೆಯೊಂದು ಕಾಣಲಿಲ್ಲ. ಕೆಲಸ ಕೊಡುವ ಮೊದಲಾಳಿ ಜರಿಯನ್ನು ತೂಗಿ ಕೊಟ್ಟು, ಸೀರೆಯ ಜೊತೆ ಉಳಿಕೆಯನ್ನೂ ತೂಗಿ ಪಡೆಯುವವರು. ತೂಕ ತಪ್ಪಿದರೆ ಮುಂದಿನ ಸೀರೆಗೆ ಹಾಸುನೂಲು ಕೊಡುವುದಿಲ್ಲ. ನಮ್ಮ ಮಗ್ಗ ನಿಂತಂತೆಯೇ. ಅದೇ ಹೊತ್ತಿಗೆ ನನ್ನ ಮಗಳು ಹೊಳೆಯುವ ಸರ ಹಾಕಿಕೊಂಡು ಒಳಗೆ ಬಂದಳು.

ಸರ ಬಿಚ್ಚಿಸಿಕೊಂಡು ನೇರ ಜಗಲಿಗೆ ನಡೆದೆ. ಅಸಲಿ ಜರಿ ಸುಟ್ಟರೆ ಬೆಳ್ಳಿ ಉಳಿಯುತ್ತದೆ. ಇದು ನಮ್ಮ ಬೀದಿಯ ಕೂಸಿಗೂ ಗೊತ್ತು. ಮಕ್ಕಳೆದುರೇ ಕಡ್ಡಿ ಗೀರಿದೆ.

"ಅಮ್ಮಾ, ಬ್ಯಾಡಮ್ಮಾ! ಅದು ಟೀತೂಳ್ ಪಾಕೆಟ್ಟು!" ಮಗಳು ಕಿರುಚಿದಳು.

ಚಹಾಪುಡಿ ಪೊಟ್ಟಣದ ಹೊಳೆವ ಪ್ಲಾಸ್ಟಿಕ್ಕಿನ ಕಮಟು ವಾಸನೆ ಎದ್ದಿತು. ಜಗಲಿಯ ಮೇಲೆ ಉಳಿದದ್ದು ಕರಿ ಅಂಟು.

ಅತ್ತೆ ಅದನ್ನು ಉಗುರಿನಿಂದ ಕೆರೆದು ತೆಗೆದರು. "ಬುಡು ಪಾಪಾ, ಅಳಬ್ಯಾಡ. ಇನ್ನೊಂದು ಮಾಡಾಣ." ನನ್ನ ಕಡೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ದೇವರ ಪಟದ ಮುಂದಿನ ಬಾಡಿದ ಹೂ ಬಾಚಿದಾಗ ಕೆಳಗೆ ಕಂಡಿಕೆ ಸಿಕ್ಕಿತು. ಹೊಸ ಜರಿಯ ಮೊದಲ ಕಂಡಿಕೆಯನ್ನು ಶುಕ್ರವಾರ ದೇವರ ಮುಂದಿಟ್ಟು ಆಮೇಲೆ ಮಗ್ಗಕ್ಕೆ ಕೊಡುವುದು ನಮ್ಮ ಮನೆಯ ಪದ್ಧತಿ. ಇಟ್ಟವಳು ನಾನೇ, ಮೇಲೆ ಹೂ ಸುರಿದವಳೂ ನಾನೇ. ಪದ್ಧತಿ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಇಟ್ಟದ್ದೇ ನೆನಪಿರಲಿಲ್ಲ.

ತಪ್ಪಾಯಿತು ಎನ್ನಲು ಹೋದೆ. ಬಾಯಿಗೆ ಬಂದದ್ದು ಇಷ್ಟೇ: "ಪಾಪಾಗೆ ಇನ್ನೊಂದು ಸರ ಮಾಡ್ಕೊಡಿ ಅತ್ತೆ."

ಅವರು ಆಗಲೇ ಮಾಡಿಟ್ಟಿದ್ದರು. ಸರದ ಜೊತೆ ಒಂದು ಹೊಸ ಬೆಂಕಿಪೆಟ್ಟಿಗೆಯನ್ನೂ ನನ್ನ ಕೈಗಿಟ್ಟರು.

"ಎಲ್ಡೂ ಒಟ್ಟಿಗೇ ಇರ್ಲಿ ತಾಯಿ. ಅನುಮಾನ ಬಂದಾಗ ಉಡುಕೋ ಕೆಲ್ಸ ಇರಾಕಿಲ್ಲ."

ಅತ್ತೆ ತೀರಿಕೊಂಡು ವರ್ಷಗಳಾದವು. ಆ ತಪ್ಪೊಪ್ಪಿಗೆ ನನ್ನಲ್ಲೇ ಉಳಿಯಿತು. ಮಗಳಿಗೆ ಚಿಕ್ಕದಾದ ಸರ ನನ್ನ ಬೀರುವಿನಲ್ಲಿದೆ, ಬೆಂಕಿಪೆಟ್ಟಿಗೆಯೂ ಇದೆ. ಸರದ ಕಾಗದವೆಲ್ಲ ಬಣ್ಣಗೆಟ್ಟಿದೆ, ನಡುವಿನ ಒಂದು ಎಳೆ ಮಾತ್ರ ಹೊಳಪು ಬಿಟ್ಟಿಲ್ಲ. ಅಸಲಿ ಜರಿಯೇ ಇರಬೇಕು. ಎಲ್ಲಿಂದ ಬಂತು ಎಂಬ ಯೋಚನೆ ಈಗಲೂ ಬರುತ್ತದೆ. ಬಂದಾಗಲೆಲ್ಲ ಬೆಂಕಿಪೆಟ್ಟಿಗೆ ತೆರೆದು ನೋಡಿ ಮುಚ್ಚುತ್ತೇನೆ. ಒಂದು ಕಡ್ಡಿಯೂ ಕಡಿಮೆಯಾಗಿಲ್ಲ.